ಕೇಬಲ್ ಎಳೆಯೋದು ಸುಲಭ, ಹಳೇ ಕಂಪ್ಯೂಟರ್‌ಗಳನ್ನ ಮಾತಾಡ್ಸೋದೇ ಕಷ್ಟ

ತುಮಕೂರು ಮಂಡಿಪೇಟೆಲಿ ನಮಗೆ ಪರಿಚಯದ ಸಾಹುಕಾರ್ರೊಬ್ರಿದಾರೆ, ಹುಣಸೆಹಣ್ಣು ಕೊಬ್ಬರಿ ವ್ಯಾಪಾರ. ಅವ್ರ ಅಂಗಡೀಲಿ ಮೂರು ಕಂಪ್ಯೂಟರ್. ಗಲ್ಲಾಪೆಟ್ಟಿಗೆ ಪಕ್ಕ ಇರೋದ್ರಲ್ಲಿ ವಿಂಡೋಸ್ 98, ಅದ್ರೊಳಗೆ ಫಾಕ್ಸ್‌ಪ್ರೊ ಅನ್ನೋ ಹಳೇ ಡೇಟಾಬೇಸ್ ಸಾಫ್ಟ್‌ವೇರಲ್ಲಿ ಬರೆಸಿದ ಡಾಸ್ (ವಿಂಡೋಸಿಗೂ ಮುಂಚಿನದು, ಬರೀ ಅಕ್ಷರದ ಪರದೆ) ಬಿಲ್ಲಿಂಗ್ ಪ್ರೋಗ್ರಾಮು, ಬರ್ಕೊಟ್ಟೋರು ಊರು ಬಿಟ್ಟು ಎಷ್ಟೋ ವರ್ಷ ಆಯ್ತು, ಜೊತೆಗೊಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಒಳಗಡೆ ರೂಮಲ್ಲಿ ವಿಂಡೋಸ್ ಎಕ್ಸ್‌ಪಿ ಇರೋ ಇನ್ನೊಂದು, ಅದಕ್ಕೆ ಕ್ಯಾನನ್ ಎಲ್‌ಬಿಪಿ 2900 ಲೇಸರ್ ಪ್ರಿಂಟರ್. ಮೂರನೇದು ಮಗನ ಲ್ಯಾಪ್‌ಟಾಪು, ವಿಂಡೋಸ್ 10. ಬಿಲ್ಲು ಮುಂದೆ, ಲೆಕ್ಕ ಹಿಂದೆ, ಜಿಎಸ್‌ಟಿ ಕೆಲಸ ಲ್ಯಾಪ್‌ಟಾಪಲ್ಲಿ, ಇವುಗಳ ಮಧ್ಯೆ ಫ್ಲಾಪಿ ಓಡಾಡ್ತಿತ್ತು, ಫ್ಲಾಪಿ ಸಿಗೋದು ನಿಂತ್ಮೇಲೆ ಪೆನ್‌ಡ್ರೈವು, ಅದೂ 98ರಲ್ಲಿ ಡ್ರೈವರ್ ಇಲ್ದೆ ಏಳಲ್ಲ.

"ಒಂದು ವೈರ್ ಎಳ್ದು ಎಲ್ಲಾ ಒಂದು ಮಾಡ್ಬಿಡಪ್ಪ" ಅಂದ್ರು ಸಾಹುಕಾರ್ರು. ವೈರ್ ಎಳೆಯೋಕೆ ಒಂದು ಗಂಟೆ ಹಿಡೀತು. ಮಿಕ್ಕಿದ್ದಕ್ಕೆ ಎರಡು ಭಾನುವಾರ ಹೋಯ್ತು. ಆ ಎರಡು ಭಾನುವಾರ ಎಲ್ಲಿ ಹೋಯ್ತು ಅನ್ನೋದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹಳೇ ಮಷೀನ್ ಇಟ್ಕೊಂಡಿರೋ ಅಂಗಡಿಗಳು ನಮ್ ಕಡೆ ಇನ್ನೂ ಬೇಕಾದಷ್ಟಿವೆ.

ಮೊದ್ಲು ಒಂದು ವಿಷ್ಯ ಸರಿಯಾಗಿ ತಲೇಲಿ ಕೂತ್ಕೋಬೇಕು. ಡ್ರೈವ್ ಶೇರ್ ಮಾಡೋದು ಅಂದ್ರೆ ಆ ಡ್ರೈವನ್ನ ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸೋದು ಅಂತ ಜನ ಅಂದ್ಕೊಂತಾರೆ, ಹಂಗಲ್ಲ. ಮಂಡೀಲಿ ಖಾತೆ ಪುಸ್ತಕ ಗುಮಾಸ್ತರ ಕೈಲೇ ಇರತ್ತೆ ಅಲ್ವಾ, ನೀವು ಹೋಗಿ "ಸ್ವಾಮಿ, ಶಿರಾ ಪಾರ್ಟಿದು ಬಾಕಿ ಎಷ್ಟಿದೆ" ಅಂತ ಕೇಳಿದ್ರೆ ಅವ್ರು ಪುಟ ತಿರುವಿ ಓದಿ ಹೇಳ್ತಾರೆ, ನೀವು "ಐನೂರು ಜಮಾ ಬರ್ಕೊಳಿ" ಅಂದ್ರೆ ಅವ್ರೇ ಬರ್ಕೊಂತಾರೆ, ಪುಸ್ತಕ ನಿಮ್ ಕೈಗೆ ಬರಲ್ಲ. ನೆಟ್‌ವರ್ಕಲ್ಲೂ ಅಷ್ಟೇ, ಡ್ರೈವ್ ಯಾರದ್ದೋ ಅವ್ರೇ ಓದೋದು, ಅವ್ರೇ ಬರೆಯೋದು. ಇದಕ್ಕೆ ಪುರಾವೆ ಬೇಕಾದ್ರೆ ನೋಡಿ: ವಿಂಡೋಸ್ 98ಗೆ ಎನ್‌ಟಿಎಫ್‌ಎಸ್ ಅನ್ನೋ ಪದ್ಧತೀಲಿ ಫೈಲ್ ಇಟ್ಟಿರೋ ಡಿಸ್ಕ್ ಓದಕ್ಕೆ ಬರಲ್ಲ, ಎಕ್ಸ್‌ಪಿ ಮಷೀನ್‌ದು ಅಂಥ ಹಾರ್ಡ್‌ಡಿಸ್ಕ್ ಬಿಚ್ಚಿ 98ಕ್ಕೆ ಹಾಕಿದ್ರೆ ಏನೂ ಕಾಣಲ್ಲ, ಆದ್ರೆ ಅದೇ ಡಿಸ್ಕನ್ನ ಎಕ್ಸ್‌ಪಿ ಶೇರ್ ಮಾಡಿದ್ರೆ 98 ಆರಾಮಾಗಿ ಓದತ್ತೆ. ಡಿಸ್ಕ್ ಓದ್ತಿರೋದು ಎಕ್ಸ್‌ಪಿ, 98 ಬರೀ ಕೇಳ್ತಿದೆ.

ಹಂಗಾಗಿ ಗಮನ ಇಡ್ಬೇಕಾಗಿರೋದು ಎರಡರ ಮೇಲೆ, ಮಾತು ಹೋಗೋ ದಾರಿ ಒಂದು, ಆಡೋ ಭಾಷೆ ಒಂದು. ಕೇಬಲ್ಲು ದಾರಿ ಅಷ್ಟೇ.

ದಾರಿ ವಿಷ್ಯಕ್ಕೆ ಬಂದ್ರೆ, ನೆಟ್‌ವರ್ಕ್ ಕಾರ್ಡ್ ಇಲ್ದಿದ್ದ ಕಾಲದಲ್ಲೂ ಎರಡು ಕಂಪ್ಯೂಟರ್ ಸೇರಿಸ್ತಿದ್ರು. ಹಿಂದ್ಗಡೆ 9 ಪಿನ್ನಿನ ಸೀರಿಯಲ್ ಪೋರ್ಟ್ ಇರತ್ತಲ್ಲ, ಅದ್ರಿಂದ ಅದಕ್ಕೆ ನಲ್ ಮೋಡೆಮ್ ಕೇಬಲ್ ಅಂತ ಹಾಕೋರು. ಸೀರಿಯಲ್‌ನಲ್ಲಿ ಒಂದು ಪಿನ್ ಹೇಳಕ್ಕೆ, ಒಂದು ಪಿನ್ ಕೇಳಕ್ಕೆ, ನೇರ ಕೇಬಲ್ ಹಾಕಿದ್ರೆ ಇಬ್ರ ಬಾಯೂ ಒಂದೇ ತಂತಿಗೆ, ಇಬ್ರ ಕಿವೀನೂ ಒಂದೇ ತಂತಿಗೆ ಸೇರ್ಕೊಳತ್ತೆ, ಯಾರ ಮಾತೂ ಯಾರಿಗೂ ಕೇಳ್ಸಲ್ಲ. ಅದಕ್ಕೇ 2ನೇ ಪಿನ್ನು ಆ ಕಡೆ 3ಕ್ಕೆ, 3ನೇದು 2ಕ್ಕೆ ಅಡ್ಡ ಹಾಕ್ಬೇಕು. ಈ ಅಡ್ಡ ಹಾಕೋ ಕಥೆ ಮುಂದೆ ಇನ್ನೊಂದ್ಸಲ ಬರತ್ತೆ, ನೆನಪಿಟ್ಕೊಳಿ. ಸ್ಪೀಡು ಜಾಸ್ತಿ ಅಂದ್ರೆ ಸೆಕೆಂಡಿಗೆ 1,15,200 ಬಿಟ್, ಒಂದು ಬೈಟ್ ಕಳ್ಸಕ್ಕೆ ಶುರು-ಕೊನೆ ಗುರುತು ಸೇರಿ 10 ಬಿಟ್ ಬೇಕು, ಅಂದ್ರೆ ಸೆಕೆಂಡಿಗೆ 11,520 ಬೈಟ್. 1.44 ಎಂಬಿ ಫ್ಲಾಪಿ ತುಂಬ ಇರೋದು ಎರಡು ನಿಮಿಷದ ಮೇಲೆ ತಗೊಳತ್ತೆ, ಒಂದು ಜಿಬಿ ಆದ್ರೆ ಒಂದು ದಿನ ದಾಟತ್ತೆ.

ಪ್ಯಾರಲಲ್ ಪೋರ್ಟು, ಅಂದ್ರೆ ಪ್ರಿಂಟರ್ ಹಾಕೋ 25 ಪಿನ್ನಿಂದು, ಇದಕ್ಕಿಂತ ಜೋರು. ಪ್ರಿಂಟರ್ ಕಡೆ ಒಂದ್ಸಲಕ್ಕೆ 8 ಬಿಟ್ ಕಳ್ಸತ್ತೆ, ಆದ್ರೆ ಹಳೇ ಪೋರ್ಟುಗಳಲ್ಲಿ ಒಳಗೆ ಬರೋ ತಂತಿ 5 ಮಾತ್ರ, "ಪೇಪರ್ ಇಲ್ಲ", "ಬ್ಯುಸಿ ಇದೀನಿ" ಅಂತ ಪ್ರಿಂಟರ್ ಹೇಳೋಕೆ ಕೊಟ್ಟಿದ್ದು. ಆ 5ರಲ್ಲಿ 4ನ್ನ ಡೇಟಾಗೆ ಬಳಸ್ಕೊಂಡು ಅರ್ಧ ಅರ್ಧ ಬೈಟ್ ಕಳ್ಸೋ ಉಪಾಯ ಮಾಡಿದ್ರು, ಲ್ಯಾಪ್‌ಲಿಂಕ್ ಕೇಬಲ್ ಅಂತ ಅದಕ್ಕೆ ಹೆಸ್ರಾಯ್ತು. 1993ರಲ್ಲಿ ಎಂಎಸ್-ಡಾಸ್ 6 ಬಂದಾಗ ಅದ್ರ ಜೊತೆಗೇ ಇಂಟರ್‌ಲಿಂಕ್, ಇಂಟರ್‌ಸರ್ವ್ ಅಂತ ಎರಡು ಪ್ರೋಗ್ರಾಮ್ ಕೊಟ್ರು. ಇಂಟರ್‌ಸರ್ವ್ ಓಡ್ಸಿದ ಮಷೀನು ಬೇರೆ ಏನೂ ಮಾಡಲ್ಲ, ಪೂರ್ತಿ ಗುಮಾಸ್ತನ ಕೆಲಸಕ್ಕೆ ಕೂತ್ಕೊಳತ್ತೆ, ಈ ಕಡೆ ಮಷೀನಲ್ಲಿ ಅದ್ರ ಸಿ ಡ್ರೈವು ಡಿ ಅಂತಲೋ ಇ ಅಂತಲೋ ಕಾಣತ್ತೆ, ಅದ್ರ ಪ್ರಿಂಟರ್ರೂ ಎಲ್‌ಪಿಟಿ2 (ಎರಡನೇ ಪ್ರಿಂಟರ್ ಪೋರ್ಟು) ಅಂತ ಸಿಗತ್ತೆ. ವಿಂಡೋಸ್ 95ರಲ್ಲಿ ಇದೇ ಕೆಲಸಕ್ಕೆ ಡೈರೆಕ್ಟ್ ಕೇಬಲ್ ಕನೆಕ್ಷನ್ ಅಂತ ಬಂತು. ಇವತ್ತಿಗೂ ಯಾವ್ದಾದ್ರೂ 386, 486 ಕಾಲದ ಹಳೇ ಕಂಪ್ಯೂಟರಲ್ಲಿ ಸಿಕ್ಕಾಕೊಂಡಿರೋ ಫೈಲ್ ತೆಗೀಬೇಕಂದ್ರೆ ಇದು ಉಪಯೋಗಕ್ಕೆ ಬರತ್ತೆ.

ಒಂದೇ ಎಚ್ಚರ, ಸೀರಿಯಲ್, ಪ್ಯಾರಲಲ್ ಕೇಬಲ್ಲನ್ನ ಮಷೀನ್ ಆನ್ ಇದ್ದಾಗ ಚುಚ್ಚಬೇಡಿ. ಈ ಎರಡ್ರಲ್ಲೂ ಒಂದು ಕಂಪ್ಯೂಟರಿನ ಗ್ರೌಂಡು ಇನ್ನೊಂದರ ಗ್ರೌಂಡಿಗೆ ನೇರವಾಗಿ ಸೇರ್ಕೊಳತ್ತೆ, ಹಳೇ ಬಿಲ್ಡಿಂಗುಗಳಲ್ಲಿ ಅರ್ಥಿಂಗ್ ಅನ್ನೋದು ಬರೀ ಸಾಕೆಟ್ಟಿನ ಮೂರನೇ ತೂತು, ಒಳಗೆ ತಂತೀನೇ ಇರಲ್ಲ, ಒಂದು ಮಷೀನ್ ಬಾಡಿ ಮುಟ್ಟಿದ್ರೆ ಜುಮ್ ಅನ್ನತ್ತೆ, ಆ ಜುಮ್ಮೆಲ್ಲ ಕೇಬಲ್ ಹಾಕಿದ ಕ್ಷಣ ಪೋರ್ಟ್ ಮೂಲಕ ಹರಿಯತ್ತೆ. ನಾನೇ ಹಿಂಗೆ ಒಂದು ಪೋರ್ಟ್ ಸುಟ್ಟಿದೀನಿ. ಈಥರ್ನೆಟ್ಟಲ್ಲಿ, ಅಂದ್ರೆ ಈಗಿನ ಮಾಮೂಲಿ ನೆಟ್‌ವರ್ಕ್ ಕೇಬಲ್ಲಲ್ಲಿ, ಆ ಭಯ ಕಮ್ಮಿ, ಅದ್ರ ಪೋರ್ಟೊಳಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರತ್ತೆ, ಎರಡು ಮಷೀನಿನ ಕರೆಂಟು ಒಂದಕ್ಕೊಂದು ತಾಕಲ್ಲ. ಹಂಗೇ ಯುಎಸ್‌ಬಿ ಎರಡೂ ಕಡೆ ಗಂಡು ಪಿನ್ ಇರೋ ಸಾದಾ ಕೇಬಲ್ ತಂದು ಎರಡು ಕಂಪ್ಯೂಟರ್ ಮಧ್ಯೆ ಹಾಕೋರೂ ಇದಾರೆ, ಎರಡೂ ಕಡೆಯಿಂದ 5 ವೋಲ್ಟ್ ಎದುರುಬದುರು ಬರತ್ತೆ, ಮಾಡ್ಬೇಡಿ, ನಡುವೆ ಚಿಪ್ ಇರೋ ಡೇಟಾ ಟ್ರಾನ್ಸ್‌ಫರ್ ಕೇಬಲ್ಲೇ ಬೇರೆ.

ನಮ್ಮ ಮಂಡಿಗೆ ಈಥರ್ನೆಟ್ಟೇ ಆಯ್ಕೆ. ಎಕ್ಸ್‌ಪಿ ಮಷೀನಲ್ಲಿ ಪೋರ್ಟ್ ಇತ್ತು, 98ಕ್ಕೆ ಮಾತ್ರ ಇರ್ಲಿಲ್ಲ, ಬೆಂಗ್ಳೂರಿಗೆ ಟ್ರೈನ್ ಹತ್ತಿ ಎಸ್.ಪಿ. ರೋಡಿಂದ ರಿಯಲ್‌ಟೆಕ್ 8139 ಚಿಪ್ಪಿನ ಹಳೇ ಪಿಸಿಐ ನೆಟ್‌ವರ್ಕ್ ಕಾರ್ಡ್ ತಂದೆ. ಹಳೇ ಮಷೀನಿಗೆ ಕಾರ್ಡ್ ಹುಡುಕೋರು ಇದೇ ಚಿಪ್ ಕೇಳಿ, 98ಕ್ಕೂ ಡ್ರೈವರ್ ಸಿಗತ್ತೆ, ಗಿಗಾಬಿಟ್ ಕಾರ್ಡ್ ತಂದು ಡ್ರೈವರ್‌ಗೆ ಅಲೆಯೋದು ಬೇಡ. 100 ಎಂಬಿಪಿಎಸ್ ಸಾಕು, ಸೀರಿಯಲ್ಲಲ್ಲಿ ಒಂದು ದಿನ ಹಿಡಿಯೋ ಆ ಒಂದು ಜಿಬಿ ಇದ್ರಲ್ಲಿ ಲೆಕ್ಕದ ಪ್ರಕಾರ ಒಂದೂವರೆ ನಿಮಿಷ, ಹಳೇ ಹಾರ್ಡ್‌ಡಿಸ್ಕು ನಿಧಾನ ಇರೋದ್ರಿಂದ ಅದ್ರ ಮೂರ್ನಾಲ್ಕು ಪಟ್ಟು ಇಟ್ಕೊಳಿ.

ಈಗ ಆ ಅಡ್ಡ ಹಾಕೋ ಕಥೆ. ಈಥರ್ನೆಟ್ ಕೇಬಲ್ಲಲ್ಲಿ 8 ತಂತಿ ಇದ್ರೂ 100 ಎಂಬಿಪಿಎಸ್‌ಗೆ ಬಳಸೋದು ನಾಲ್ಕೇ, 1 ಮತ್ತು 2 ಹೇಳಕ್ಕೆ, 3 ಮತ್ತು 6 ಕೇಳಕ್ಕೆ. ಎರಡು ಹಳೇ ಕಂಪ್ಯೂಟರನ್ನ ನೇರ ಜೋಡಿಸ್ಬೇಕಂದ್ರೆ ಕ್ರಾಸ್ ಕೇಬಲ್ ಬೇಕು. ಕ್ರಿಂಪ್ ಮಾಡೋರಿಗೆ, ಅಂದ್ರೆ ಕೇಬಲ್ ತುದಿಗೆ ಪ್ಲಗ್ ಕೂರಿಸೋರಿಗೆ, ಮಾಮೂಲಿ ಕಲರ್ ವರಸೆ ಬಾಯಿಪಾಠ ಇರತ್ತೆ, ವೈಟ್-ಆರೆಂಜ್, ಆರೆಂಜ್, ವೈಟ್-ಗ್ರೀನ್, ಬ್ಲೂ, ವೈಟ್-ಬ್ಲೂ, ಗ್ರೀನ್, ವೈಟ್-ಬ್ರೌನ್, ಬ್ರೌನ್. ಒಂದು ತುದಿ ಹಿಂಗೇ ಇರ್ಲಿ, ಇನ್ನೊಂದು ತುದೀಲಿ ಆರೆಂಜ್ ಜೋಡಿ ಇದ್ದಲ್ಲಿ ಗ್ರೀನ್ ಜೋಡಿ, ಗ್ರೀನ್ ಇದ್ದಲ್ಲಿ ಆರೆಂಜ್ ಹಾಕಿದ್ರೆ ಕ್ರಾಸ್ ಕೇಬಲ್ ರೆಡಿ. ಮಧ್ಯೆ ಸ್ವಿಚ್, ಅಂದ್ರೆ ಹಲವು ನೆಟ್‌ವರ್ಕ್ ಕೇಬಲ್ ಸೇರಿಸೋ ಡಬ್ಬ, ಇದ್ರೆ ಇದ್ಯಾವ ತಲೆನೋವೂ ಇಲ್ಲ, ಅಡ್ಡ ಹಾಕೋ ಕೆಲಸ ಸ್ವಿಚ್ಚೇ ಮಾಡತ್ತೆ, ಗಿಗಾಬಿಟ್ ಪೋರ್ಟ್ ಇರೋ ಹೊಸ ಮಷೀನ್ ಒಂದು ಕಡೆ ಇದ್ರೂ ಸಾಕು, ಅದೇ ತಿಳ್ಕೊಂಡು ತಿರುಗಿಸ್ಕೊಳತ್ತೆ. ಮೂರು ಮಷೀನ್ ಇದ್ದಿದ್ರಿಂದ ನಾನು 5 ಪೋರ್ಟಿನ ಸ್ವಿಚ್ ಹಾಕ್ದೆ. ಕೇಬಲ್ 100 ಮೀಟರ್ ತನಕ ಎಳೀಬಹುದು, ನಮ್ದು 30 ಮೀಟರೂ ಇರ್ಲಿಲ್ಲ, ಆದ್ರೆ ಪಿವಿಸಿ ಪೈಪೊಳಗೆ ಹಾಕ್ದೆ. ಕಾಳುಕಡ್ಡಿ ಮಂಡಿ ಅಂದ್ಮೇಲೆ ಇಲಿ ಇಲ್ದೆ ಇರತ್ತಾ.

ಲೈಟ್ ಮಿನುಗ್ತು, ಸಾಹುಕಾರ್ರು ಕಾಫಿ ತರ್ಸಿದ್ರು, ಕೆಲಸ ಮುಗೀತು ಅಂದ್ಕೊಂಡ್ರು. ಮೈ ಕಂಪ್ಯೂಟರ್ ತೆಗೆದ್ರೆ ಪಕ್ಕದ ಮಷೀನಿನ ಸುಳಿವೇ ಇಲ್ಲ.

ಲೈಟ್ ಮಿನುಗಿದ್ರೆ ದಾರಿ ಸರಿ ಇದೆ ಅಂತ ಮಾತ್ರ ಅರ್ಥ. ಆಮೇಲೆ ವಿಳಾಸ. ಪ್ರತಿ ಮಷೀನಿಗೂ ಒಂದು ಐಪಿ ಅಡ್ರೆಸ್ ಬೇಕು, ಮನೇಲಿ ಅದನ್ನ ರೂಟರ್ ಹಂಚತ್ತೆ, ಬರೀ ಸ್ವಿಚ್ಚಿಗೆ ಆ ಬುದ್ಧಿ ಇಲ್ಲ. ಯಾರೂ ಕೊಡ್ದಿದ್ರೆ 98ರಿಂದ ಈಚಿನ ವಿಂಡೋಸ್ ತಾನೇ 169.254 ಅಂತ ಶುರುವಾಗೋ ವಿಳಾಸ ಹಾಕ್ಕೊಳತ್ತೆ, ನೀವು ಆ ನಂಬರ್ ನೋಡಿದ್ರೆ "ನಂಗ್ಯಾರೂ ವಿಳಾಸ ಕೊಟ್ಟಿಲ್ಲ" ಅಂತ ಅದು ಹೇಳ್ತಿದೆ ಅಂದ್ಕೊಳಿ. ನಾನು ಕೈಯಾರೆ 192.168.50.1, 192.168.50.2, 192.168.50.3 ಕೊಟ್ಟೆ, ಮಾಸ್ಕ್, ಅಂದ್ರೆ ವಿಳಾಸದಲ್ಲಿ ಬೀದಿ ಯಾವ್ದು ಮನೆ ನಂಬರ್ ಯಾವ್ದು ಅಂತ ಬಿಡಿಸಿ ಹೇಳೋದು, ಮೂರಕ್ಕೂ 255.255.255.0. ಈ 50 ಯಾಕೆ ಅಂದ್ರೆ ಲ್ಯಾಪ್‌ಟಾಪಿಗೆ ವೈಫೈನೂ ಇದೆ, ವೈಫೈ ರೂಟರ್‌ಗಳು ಸಾಮಾನ್ಯವಾಗಿ 192.168.0 ಇಲ್ಲ 192.168.1 ಹಿಡ್ಕೊಂಡಿರ್ತವೆ, ಎರಡೂ ಕಡೆ ಒಂದೇ ಬೀದಿ ಹೆಸರಿದ್ರೆ ಪೋಸ್ಟ್‌ಮ್ಯಾನ್‌ಗೆ ಗಲಿಬಿಲಿ ಆಗತ್ತಲ್ಲ ಹಂಗೆ. ಇನ್ನೊಂದು, ವೈರ್ ಕಡೆ ಗೇಟ್‌ವೇ (ಹೊರಗೆ ಹೋಗೋ ಬಾಗಿಲು) ಅಂತ ಕೇಳೋ ಜಾಗ ಖಾಲಿ ಬಿಡಿ, ಅಲ್ಲೇನಾದ್ರೂ ತುಂಬಿದ್ರೆ ಲ್ಯಾಪ್‌ಟಾಪು ಇಂಟರ್ನೆಟ್ಟಿಗೂ ಆ ವೈರಲ್ಲೇ ಹೋಗಕ್ಕೆ ನೋಡತ್ತೆ, ನೆಟ್ ಹೋಯ್ತು ಅಂತ ನಿಮ್ಮನ್ನೇ ಬೈತಾರೆ. ಪಿಂಗ್ ಮಾಡಿ, ಅಂದ್ರೆ "ಇದೀಯಾ" ಅಂತ ಆ ಮಷೀನನ್ನ ಕೂಗಿ, ಉತ್ತರ ಬಂದ್ರೆ ವಿಳಾಸದ ಕೆಲಸ ಮುಗೀತು, ಎಕ್ಸ್‌ಪಿ ಫೈರ್‌ವಾಲ್ (ಹೊರಗಿಂದ ಬರೋದನ್ನ ತಡೆಯೋ ಕಾವಲು) ಮಾತ್ರ ಪಿಂಗಿಗೆ ಉತ್ತರ ಕೊಡದೆ ಸುಮ್ನೆ ಕೂರಬಹುದು, ಅಲ್ಲಿ ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ಅಂತ ಇರೋದಕ್ಕೆ ಟಿಕ್ ಹಾಕಿ.

ಹೆಸರಿನ ವಿಷ್ಯ ಚಿಕ್ಕದು: ಕಂಪ್ಯೂಟರ್ ಹೆಸರು 15 ಅಕ್ಷರದೊಳಗೆ, ಸ್ಪೇಸ್ ಬೇಡ, ಮೂರಕ್ಕೂ ವರ್ಕ್‌ಗ್ರೂಪ್, ಅಂದ್ರೆ ಗುಂಪಿನ, ಹೆಸರು ಒಂದೇ ಇರ್ಲಿ. ಎಕ್ಸ್‌ಪಿ ಹೋಮ್ ಆದ್ರೆ ಅದು ಎಂಎಸ್‌ಹೋಮ್ ಅಂತ ಇಟ್ಕೊಂಡಿರತ್ತೆ, ಬದಲಾಯಿಸ್ಬೇಕು.

ಮೊದಲನೇ ಭಾನುವಾರ ನುಂಗಿದ್ದು ಇದ್ಯಾವುದೂ ಅಲ್ಲ. ಎಲ್ಲಾ ಸರಿ ಇದೆ, ನಾನಿದ್ದಾಗ ನಡೆಯತ್ತೆ, ಮಾರನೇ ದಿನ ಫೋನು, "ಏನಪ್ಪಾ, ಮತ್ತೆ ಹೋಯ್ತು". ಬಂದು ನೋಡಿದ್ರೆ ಸರಿ ಇರತ್ತೆ. ಕೊನೆಗೆ ಬಿಲ್ ಹಾಕೋ ಅಕ್ಕಾರನ್ನ "ಅಕ್ಕಾ, ನೀವು ಬೆಳಿಗ್ಗೆ ಹೆಂಗೆ ಆನ್ ಮಾಡ್ತೀರೋ ಹಂಗೇ ಮಾಡಿ ತೋರ್ಸಿ" ಅಂದೆ. 98 ಏಳುವಾಗ ಯೂಸರ್ ನೇಮು ಪಾಸ್‌ವರ್ಡ್ ಕೇಳೋ ಒಂದು ಡಬ್ಬ ಬರತ್ತೆ, ಅವ್ರು ಎಸ್ಕೇಪ್ ಒತ್ತಿದ್ರು, ಡಬ್ಬ ಹೋಯ್ತು, ವಿಂಡೋಸ್ ಬಂತು. ಅಷ್ಟೇ ನೋಡಿ. 98ರಲ್ಲಿ ಆ ಡಬ್ಬ ಬಾಗಿಲು ಕಾಯೋಕಿರೋದಲ್ಲ, ನೆಟ್‌ವರ್ಕಿಗೆ ನೀವ್ಯಾರು ಅಂತ ಹೇಳೋಕಿರೋದು. ಎಸ್ಕೇಪ್ ಒತ್ತಿದ್ರೆ ಮಷೀನ್ ತೆರೆಯತ್ತೆ, ಆದ್ರೆ ನೆಟ್‌ವರ್ಕಿಗೆ ಲಾಗಿನ್ ಆಗಿರಲ್ಲ, ಎಷ್ಟು ಹುಡುಕಿದ್ರೂ ಪಕ್ಕದ ಮಷೀನ್ ಸಿಗಲ್ಲ. ಅಕ್ಕಾರ ತಪ್ಪೇನಿಲ್ಲ, ಅಷ್ಟು ವರ್ಷ ಎಸ್ಕೇಪ್ ಒತ್ತೇ ಬಿಲ್ ಹಾಕಿದ್ರು. ಈಗ ಹೆಸರು ಹಾಕಿ ಎಂಟರ್ ಒತ್ತಾರೆ.

ಎರಡನೇ ಭಾನುವಾರದ್ದು ಭಾಷೆ ಜಗಳ, ಅದೂ ಲ್ಯಾಪ್‌ಟಾಪ್ ಜೊತೆ. ವಿಂಡೋಸುಗಳು ಫೈಲ್, ಪ್ರಿಂಟರ್ ಕೇಳೋಕೆ ಆಡೋ ಭಾಷೆ ಎಸ್‌ಎಂಬಿ ಅಂತ. 98, ಎಕ್ಸ್‌ಪಿ ಆಡೋದು ಅದ್ರ ಹಳೇ ರೂಪ, ಎಸ್‌ಎಂಬಿ 1. ವಿಸ್ತಾದಿಂದ ಎಸ್‌ಎಂಬಿ 2 ಬಂತು, ಆದ್ರೂ ಹಳೇದು ಅರ್ಥ ಆಗ್ತಿತ್ತು. 2017ರ ಮೇನಲ್ಲಿ ವಾನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ಕಳ್ಳ ಪ್ರೋಗ್ರಾಮು) ಪ್ರಪಂಚ ಪೂರ್ತಿ ಹರಡಿದ್ದು ಈ ಎಸ್‌ಎಂಬಿ 1ರಲ್ಲಿದ್ದ ತೂತಿನಿಂದಲೇ, ಅದೇ ವರ್ಷ ಅಕ್ಟೋಬರಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಹಾಕಿದ ಮಷೀನುಗಳಲ್ಲಿ ಮೈಕ್ರೋಸಾಫ್ಟ್ ಅದನ್ನ ಕೆಲವು ಕಡೆ ಹಾಕೋದೇ ಬಿಡ್ತು, ಮಿಕ್ಕ ಕಡೆ ಬಳಸದೇ ಬಿಟ್ರೆ ತಾನೇ ಹೋಗೋ ಥರ ಮಾಡ್ತು. ಹಂಗಾಗಿ ಎಕ್ಸ್‌ಪಿ ಕೂಗತ್ತೆ, 10ಕ್ಕೆ ಆ ಭಾಷೆ ಬರಲ್ಲ, ಎಕ್ಸ್‌ಪಿಗೆ ಇವರ ಹೊಸ ಭಾಷೆ ಕಲಿಯೋ ಯೋಗ ಇಲ್ಲ. ಪಿಂಗ್ ಹೋಗತ್ತೆ, ಲೈಟ್ ಮಿನುಗತ್ತೆ, ಫೋಲ್ಡರ್ ಮಾತ್ರ ತೆಗೆಯಲ್ಲ.

ವಿಂಡೋಸ್ ಫೀಚರ್ಸಲ್ಲಿ ಹೋಗಿ ಎಸ್‌ಎಂಬಿ 1ಕ್ಕೆ ಟಿಕ್ ಹಾಕಿ ಅಂತ ಎಲ್ರೂ ಹೇಳ್ತಾರೆ, ಆಗತ್ತೆ. ಅಲ್ಲಿ ಕ್ಲೈಂಟ್, ಸರ್ವರ್ ಅಂತ ಬೇರೆ ಬೇರೆ ಇದಾವೆ, ಹಾಕಲೇಬೇಕಂದ್ರೆ ಕ್ಲೈಂಟ್ ಮಾತ್ರ ಹಾಕಿ, ಆಗ ಲ್ಯಾಪ್‌ಟಾಪು ಎಕ್ಸ್‌ಪಿನ ಕೇಳಬಹುದು, ಲ್ಯಾಪ್‌ಟಾಪನ್ನ ಯಾರೂ ಆ ಭಾಷೇಲಿ ಕೇಳಕ್ಕಾಗಲ್ಲ. ಆಟೋಮ್ಯಾಟಿಕ್ ರಿಮೂವಲ್ ಅಂತ ಮೂರನೇದೊಂದಿದೆ, ಅದಕ್ಕೆ ಟಿಕ್ ಇದ್ರೆ ಮಷೀನ್ ಆನ್ ಇರೋ ಲೆಕ್ಕದಲ್ಲಿ 15 ದಿನ ಬಳಸದೇ ಬಿಟ್ರೆ ತಾನೇ ತೆಗೆದುಹಾಕ್ಕೊಳತ್ತೆ, ಆಮೇಲೆ "ನಿನ್ನೆ ತನಕ ಚೆನ್ನಾಗಿತ್ತಲ್ಲ" ಅಂತ ತಲೆ ಕೆರ್ಕೊಳೋದು. ನಂಗೆ ಇದು ಇಷ್ಟ ಆಗ್ಲಿಲ್ಲ, ಜಿಎಸ್‌ಟಿ, ಬ್ಯಾಂಕು ಎಲ್ಲಾ ಇರೋ ಲ್ಯಾಪ್‌ಟಾಪಲ್ಲಿ ಆ ಕಿಟಕಿ ತೆಗೆಯೋದು ಬೇಡ ಅನ್ನಿಸ್ತು. ಮೂಲೇಲಿ ಬಿದ್ದಿದ್ದ ಒಂದು ಹಳೇ ಡೆಸ್ಕ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿ ಸಾಂಬಾ ಕೂರಿಸಿದೆ. ಊಟದ ಸಾಂಬಾರಲ್ಲ, ವಿಂಡೋಸಿನ ಎಸ್‌ಎಂಬಿ ಭಾಷೆನ ಲಿನಕ್ಸಿಗೆ ಕಲಿಸೋ ಸಾಫ್ಟ್‌ವೇರು, 1992ರಲ್ಲಿ ಆಂಡ್ರ್ಯೂ ಟ್ರಿಜೆಲ್ ಅನ್ನೋರು ಶುರು ಮಾಡಿದ್ದು. ಅದಕ್ಕೆ ಹಳೇದೂ ಬರತ್ತೆ ಹೊಸದೂ ಬರತ್ತೆ, 2019ರ 4.11 ಆವೃತ್ತಿಯಿಂದ ಅದೂ ಹಳೇದನ್ನ ಬಂದ್ ಇಟ್ಕೊಂಡಿರತ್ತೆ, ಸೆಟ್ಟಿಂಗ್ ಫೈಲಲ್ಲಿ ಸರ್ವರ್ ಮಿನಿಮಮ್ ಪ್ರೊಟೊಕಾಲ್ ಎನ್‌ಟಿ1 (ಅದೇ ಎಸ್‌ಎಂಬಿ 1) ಅಂತ ಒಂದು ಸಾಲು ಬರೀಬೇಕು. ಎಕ್ಸ್‌ಪಿ ಅಲ್ಲಿ ಫೈಲ್ ಇಡತ್ತೆ, ಲ್ಯಾಪ್‌ಟಾಪು ಅಲ್ಲಿಂದ ತಗೊಳತ್ತೆ, ಇಬ್ರೂ ನೇರ ಮಾತಾಡಲ್ಲ, ನಡುವೆ ದಲಾಲಿ. ಮಂಡಿಪೇಟೆಗೆ ಇದೇನು ಹೊಸ ಪದ್ಧತಿ ಅಲ್ಲ ಬಿಡಿ.

ಪ್ರಿಂಟರ್ ಕಥೆ ಬೇರೆ ಥರದ್ದು, ಇಲ್ಲಿ ಜನ ಜಾಸ್ತಿ ಮೋಸ ಹೋಗ್ತಾರೆ. ಡಾಸ್ ಪ್ರೋಗ್ರಾಮಿಗೆ ನೆಟ್‌ವರ್ಕ್ ಅಂತ ಒಂದಿದೆ ಅನ್ನೋದೇ ಗೊತ್ತಿಲ್ಲ, ಅದಕ್ಕೆ ಎಲ್‌ಪಿಟಿ1 ಬಿಟ್ರೆ ಬೇರೆ ಪ್ರಪಂಚ ಇಲ್ಲ. ಹಂಗಾಗಿ ಅದಕ್ಕೆ ಗೊತ್ತಾಗ್ದಂಗೆ ಎಲ್‌ಪಿಟಿ1ನ್ನೇ ಬೇರೆ ಕಡೆ ತಿರುಗಿಸ್ಬೇಕು. ಕಮಾಂಡ್ ಪ್ರಾಂಪ್ಟಲ್ಲಿ ನೆಟ್ ಯೂಸ್ ಎಲ್‌ಪಿಟಿ1 ಅಂತ ಹೊಡ್ದು, ಎರಡು ಬ್ಯಾಕ್‌ಸ್ಲ್ಯಾಶ್, ಪ್ರಿಂಟರ್ ಇರೋ ಕಂಪ್ಯೂಟರ್ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಶ್, ಪ್ರಿಂಟರಿನ ಶೇರ್ ಹೆಸರು ಕೊಟ್ರೆ ಆಯ್ತು. ಒಳಗಿನ ಎಕ್ಸ್‌ಪಿಯಿಂದ ಅದೇ ಬಿಲ್ಲಿಂಗ್ ಪ್ರೋಗ್ರಾಮ್ ಓಡ್ಸಿ ಮುಂದಿರೋ ಡಾಟ್ ಮ್ಯಾಟ್ರಿಕ್ಸಿಗೆ ಚೀಟಿ ಕಳ್ಸೋದು ಹಿಂಗೆ ಸಾಧ್ಯ ಆಯ್ತು.

ಸಾಹುಕಾರ್ರ ಮಗ ಕೇಳಿದ್ದು ಇದ್ರ ಉಲ್ಟಾ, "ಅಣ್ಣ, ಬಿಲ್ಲು ಲೇಸರಲ್ಲಿ ಬರೋ ಥರ ಮಾಡಿ, ನೀಟಾಗಿರತ್ತೆ". ಆಗಲ್ಲಪ್ಪ ಅಂದೆ. ಡಾಟ್ ಮ್ಯಾಟ್ರಿಕ್ಸಿಗೆ ಅಕ್ಷರ ಗೊತ್ತು, ಎ ಅಂತ ಕಳ್ಸಿದ್ರೆ ಅದೇ ಎ ಬರ್ಕೊಳತ್ತೆ. ಎಲ್‌ಬಿಪಿ 2900 ಥರದವು, ಎಚ್‌ಪಿ 1020ನೂ ಅದೇ ಜಾತಿ, ಅಕ್ಷರ ಓದೋ ಬುದ್ಧಿನೇ ಇಟ್ಕೊಂಡಿಲ್ಲ. ಪುಟದ ಚಿತ್ರ ಪೂರ್ತಿ ವಿಂಡೋಸ್ ಡ್ರೈವರೇ ಬರ್ದು ಕಳ್ಸಬೇಕು, ಅದು ಬರೀ ಪೇಪರಿಗೆ ಇಳ್ಸತ್ತೆ, ಅದಕ್ಕೇ ಅಷ್ಟು ಕಮ್ಮಿ ಬೆಲೆಗೆ ಸಿಕ್ಕಿದ್ದು. ಡಾಸ್ ಬರೀ ಅಕ್ಷರ ಕಳ್ಸಿದ್ರೆ ಅದು ಸುಮ್ನೆ ನೋಡ್ತಾ ಕೂತಿರತ್ತೆ. ಅಕ್ಷರ ಓದೋ ದೊಡ್ಡ ಲೇಸರ್ ಪ್ರಿಂಟರುಗಳಲ್ಲೂ ಒಂದು ತಕರಾರಿದೆ, ಪುಟ ತುಂಬಬೇಕು ಇಲ್ಲ ಫಾರ್ಮ್ ಫೀಡ್ ಅನ್ನೋ ಗುರುತು ಬರಬೇಕು, ಅಲ್ಲಿ ತನಕ ಹಾಳೆ ಬಿಡಲ್ಲ, ಆರು ಸಾಲಿನ ಚೀಟಿ ಒಳಗೇ ಉಳ್ಕೊಳತ್ತೆ. ಅದೂ ಅಲ್ದೆ ಮೂರು ಪ್ರತಿ ಕಾರ್ಬನ್ ಹಾಕಿ ಒಂದೇ ಏಟಿಗೆ ಹೊಡೆಯೋದು ಲೇಸರಿಂದ ಆಗೋ ಮಾತಲ್ಲ, ಲಾರಿಯೋನಿಗೊಂದು, ಪಾರ್ಟಿಗೊಂದು, ಮಂಡಿಗೊಂದು ಬೇಕಲ್ಲ. ಇನ್ನು ಲ್ಯಾಪ್‌ಟಾಪಿಂದ ಲೇಸರಿಗೆ ಪ್ರಿಂಟ್ ಬೇಕಾದ್ರೆ ಪಿಡಿಎಫ್ ಮಾಡಿ ದಲಾಲಿ ಮಷೀನಲ್ಲಿಟ್ಟು ಎಕ್ಸ್‌ಪಿಯಿಂದ ಹೊಡೀತಾರೆ, ಸೊಗಸಾಗೇನಿಲ್ಲ, ನಡೀತಿದೆ.

ಕೊನೇದಾಗಿ ಒಂದು ಅಪಾಯ, ಇದನ್ನ ಮೊದ್ಲೇ ಹೇಳ್ಬೇಕಿತ್ತೇನೋ. ಡ್ರೈವ್ ಶೇರ್ ಮಾಡಿದ ತಕ್ಷಣ ಪ್ರೋಗ್ರಾಮು ಇಬ್ರು ಒಟ್ಟಿಗೆ ಬಳಸೋ ಥರ ಆಗಲ್ಲ. ಬರ್ದೋರು ಫೈಲ್ ಲಾಕ್, ರೆಕಾರ್ಡ್ ಲಾಕ್ (ಒಬ್ರು ಬರೀತಿರುವಾಗ ಇನ್ನೊಬ್ರನ್ನ ತಡೆಯೋ ಬೀಗ) ಹಾಕಿ ಬರ್ದಿದ್ರೆ ಮಾತ್ರ ಆಗತ್ತೆ. ಇಲ್ದಿದ್ರೆ ಮುಂದೆ ಕೂತೋರು ಬಿಲ್ ಹಾಕ್ತಿರುವಾಗ ಒಳಗೆ ಕೂತೋರು ಅದೇ ಪಾರ್ಟಿದು ಜಮಾ ಹಾಕಿದ್ರೆ, ಯಾರು ಕೊನೇಲಿ ಸೇವ್ ಮಾಡ್ತಾರೋ ಅವ್ರದ್ದೇ ಉಳಿಯೋದು. ಬರೆಯೋ ಮಧ್ಯೆ ಕರೆಂಟ್ ಹೋದ್ರೆ, ಕೇಬಲ್ ಯಾರಾದ್ರೂ ಎಡವಿದ್ರೆ ಇಂಡೆಕ್ಸ್ ಫೈಲ್, ಅಂದ್ರೆ ಹುಡುಕೋಕಿರೋ ಪಟ್ಟಿ, ಕೆಡತ್ತೆ, ಪಾರ್ಟಿ ಹೆಸರು ಹುಡುಕಿದ್ರೆ ಬೇರೆಯೋರ ಬಾಕಿ ತೋರ್ಸತ್ತೆ, ಆಗ ರೀಇಂಡೆಕ್ಸ್ ಮಾಡ್ಬೇಕು. ಮಂಡೀಲಿದ್ದ ಪ್ರೋಗ್ರಾಮಲ್ಲಿ ಲಾಕ್ ಇರ್ಲಿಲ್ಲ, ಅದಕ್ಕೆ ಬಿಲ್ ಹಾಕೋದು ಮುಂದಿನ ಮಷೀನಲ್ಲಿ ಮಾತ್ರ, ಒಳಗಿಂದ ಸಂಜೆ ಏಳರ ಮೇಲೆ ಅಂತ ಗೆರೆ ಹಾಕಿದೀವಿ. ಅಂಗಡಿ ಮುಚ್ಚೋ ಮುಂಚೆ ಎಕ್ಸ್‌ಪಿಲಿರೋ ಒಂದು ಬ್ಯಾಚ್ ಫೈಲು (ಸಾಲಾಗಿ ಓಡೋ ಕಮಾಂಡುಗಳ ಪಟ್ಟಿ) ಬಿಲ್ಲಿಂಗ್ ಫೋಲ್ಡರ್ ಪೂರ್ತಿ ಕಾಪಿ ಮಾಡಿ ದಲಾಲಿ ಮಷೀನಿಗೆ ಹಾಕತ್ತೆ, ದಿನಕ್ಕೊಂದು ಹೆಸರಲ್ಲಿ, ವಾರಕ್ಕೆ ಏಳು ಪ್ರತಿ.

ಮುಂದಿನ ಮಾನಿಟರ್ ಮೇಲೆ ಅಕ್ಕಾರು ತಾವೇ ಒಂದು ಚೀಟಿ ಬರ್ದು ಅಂಟಿಸಿದಾರೆ: "ಮೊದಲು ಸ್ವಿಚ್, ಆಮೇಲೆ ಇದು, ಆಮೇಲೆ ಒಳಗಿನದು. ಎಸ್ಕೇಪ್ ಒತ್ತಬಾರದು."